ಮಳೆ ಪುಸ್ತಕಕ್ಕೆ ಪೈಥಾನ್: ಮಲೆನಾಡಿನ ಮಳೆ-ಹೊಳೆ ಲೆಕ್ಕ ನೀವೇ ಹಾಕುವುದು ಹೇಗೆ?

ತೀರ್ಥಹಳ್ಳಿ ಕಡೆಯ ನಮ್ಮ ದೊಡ್ಡಪ್ಪನ ಮನೆ ಜಗಲಿಯಲ್ಲಿ ಒಂದು ಉದ್ದನೆಯ ನೋಟ್‌ಬುಕ್ ನೇತಾಡುತ್ತಿರುತ್ತದೆ. ಅದಕ್ಕೊಂದು ದಾರ, ದಾರದ ತುದಿಗೆ ಪೆನ್ಸಿಲ್. ಬೆಳಿಗ್ಗೆ ಕಾಫಿ ಕುಡಿದು, ಅಂಗಳದ ಮಳೆ ಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು, ಅಂಕಿ ಬರೆದು, ಆಮೇಲೇ ಅವರು ತೋಟಕ್ಕೆ ಇಳಿಯುವುದು. ಮಲೆನಾಡಿನ ಎಷ್ಟೋ ಅಡಿಕೆ, ಕಾಫಿ ಬೆಳೆಗಾರರ ಮನೆಯಲ್ಲಿ ಇಂಥ ಪುಸ್ತಕ ಇದೆ. ಒಂದು ಮಳೆಗಾಲದಲ್ಲಿ ದೊಡ್ಡಪ್ಪ ನನ್ನನ್ನು ಕೇಳಿದರು: "ಎರಡನೇ ಸಲ ಔಷಧಿ ಹೊಡೆಯೋಕೆ ಹೊಳವೇ ಸಿಗ್ತಿಲ್ಲ ಮಾರಾಯ. ಮೊದ್ಲು ಹೀಗಿರ್ಲಿಲ್ಲ ಅಲ್ವಾ? ನಿನ್ನ ಕಂಪ್ಯೂಟರ್‌ನಲ್ಲಿ ನೋಡಿ ಹೇಳು."

ಹೊಳವು ಅಂದರೆ ಮಳೆ ಬಿಡುವು ಕೊಡುವ ಹೊತ್ತು. ಕೊಳೆ ರೋಗ ಬಾರದಂತೆ ಅಡಿಕೆ ಗೊನೆಗೆ ಬೋರ್ಡೋ ದ್ರಾವಣ ಹೊಡೆಯಬೇಕು. ಮೊದಲನೆಯದು ಮಳೆಗಾಲ ಶುರುವಾಗುವ ಹೊತ್ತಿಗೆ, ಎರಡನೆಯದು ಸುಮಾರು 40-45 ದಿನ ಬಿಟ್ಟು. ಆ ಎರಡನೆಯದು ಬರುವುದೇ ಜುಲೈನ ಜಡಿಮಳೆಯಲ್ಲಿ. ಹಾಗಾಗಿ ದೊಡ್ಡಪ್ಪನ ಪ್ರಶ್ನೆ ಸಣ್ಣದಲ್ಲ. ಅದಕ್ಕೆ ಉತ್ತರ ಹುಡುಕುತ್ತಾ ನಾನು ಕಲಿತದ್ದನ್ನು ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆದಿದ್ದೇನೆ. ಪ್ರೋಗ್ರಾಮಿಂಗ್ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ: ಲೆಕ್ಕ ಹಾಕುವ ಆಜ್ಞೆ ಒಂದು ಸಾಲಿನದು. ಆದರೆ ಪುಸ್ತಕದ ಒಂದೊಂದು ಅಂಕಿ ಏನು ಹೇಳುತ್ತಿದೆ ಎಂದು ತಿಳಿಯಲು ಬರೆದವರ ಪಕ್ಕ ಕೂತು ಕೇಳಬೇಕು. ಹೆಚ್ಚು ಸಮಯ ಅಲ್ಲೇ ಹೋಗುತ್ತದೆ, ಹೋಗಲೂ ಬೇಕು.

ಸಾಮಾನು ಹೊಂದಿಸಿಕೊಳ್ಳಿ

ಬೇಕಾದ್ದೆಲ್ಲ ಮುಕ್ತ ತಂತ್ರಾಂಶವೇ, ಒಂದು ರೂಪಾಯಿ ಖರ್ಚಿಲ್ಲ. ಟೈಪ್ ಮಾಡಲು ಲಿಬ್ರೆ ಆಫೀಸ್ ಕ್ಯಾಲ್ಕ್. ಲೆಕ್ಕಕ್ಕೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ, ಅದರ ಜೊತೆ ಪಾಂಡಾಸ್ ಎಂಬ ಲೈಬ್ರರಿ, ಅಂದರೆ ಸಿದ್ಧ ಆಜ್ಞೆಗಳ ಗುಚ್ಛ. ಬರೆದು, ಓಡಿಸಿ, ಅಲ್ಲೇ ಉತ್ತರ ನೋಡಲು ಜುಪಿಟರ್. ನಕ್ಷೆಗೆ ಕ್ಯೂಜಿಐಎಸ್. ಮಿನಿಫೋರ್ಜ್ ಎಂಬ ಒಂದು ಕಂತೆ ಹಾಕಿಕೊಂಡರೆ ಪೈಥಾನ್ ಬರುತ್ತದೆ, ಪಾಂಡಾಸ್, ಜುಪಿಟರ್, ಕ್ಯೂಜಿಐಎಸ್ ಅನ್ನು ಅದರಿಂದಲೇ ಇಳಿಸಿಕೊಳ್ಳಬಹುದು.

ಇದನ್ನೆಲ್ಲ ಪೇಟೆಯಲ್ಲಿ ಒಳ್ಳೆ ನೆಟ್‌ವರ್ಕ್ ಇರುವಾಗಲೇ ಮಾಡಿ ಮುಗಿಸಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು, ಸಿಗ್ನಲ್ ಎರಡೂ ಒಟ್ಟಿಗೆ ಹೋಗುತ್ತವೆ. ಜುಪಿಟರ್ ಬ್ರೌಸರ್‌ನಲ್ಲಿ ತೆರೆದುಕೊಂಡರೂ ಅದಕ್ಕೆ ಇಂಟರ್‌ನೆಟ್ ಬೇಕಿಲ್ಲ, ಲ್ಯಾಪ್‌ಟಾಪ್ ಒಳಗೇ ನಡೆಯುತ್ತದೆ. ಹಳೆಯ 4 ಜಿಬಿ ರಾಮ್‌ನ ಲ್ಯಾಪ್‌ಟಾಪ್ ಧಾರಾಳ ಸಾಕು. 50 ವರ್ಷದ ದಿನದ ಮಳೆ ಅಂದರೂ ಸುಮಾರು 18,260 ಸಾಲು, ಅಷ್ಟೇ.

ಆಜ್ಞೆಗಳ ಹೆಸರನ್ನು ನಾನಿಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಅವನ್ನು ಇಂಗ್ಲಿಷಿನ ಸಣ್ಣಕ್ಷರದಲ್ಲೇ ಬರೆಯಬೇಕು, ಹೆಸರಿನ ನಡುವೆ ಅಡ್ಡಗೆರೆ ಇದ್ದರೆ ಅಲ್ಲಿ ಅಂಡರ್‌ಸ್ಕೋರ್ ಹಾಕಬೇಕು. ಆದರೆ ನೀವು ಇಡುವ ಹೆಸರು ಇಂಗ್ಲಿಷಿನಲ್ಲಿ ಇರಬೇಕು ಅಂತೇನಿಲ್ಲ. ಪೈಥಾನ್‌ನಲ್ಲಿ ವೇರಿಯಬಲ್‌ಗೆ, ಅಂದರೆ ಅಂಕಿಗಳನ್ನು ಇಟ್ಟುಕೊಳ್ಳುವ ಡಬ್ಬಿಗೆ, ಕನ್ನಡದ ಹೆಸರು ನಡೆಯುತ್ತದೆ. ಮಳೆ, ಹೊಳೆ, ಹೊಳವು ಎಂದೇ ಇಡಿ. ಮುಂದೆ ಮನೆಯವರು ಯಾರಾದರೂ ಆ ಫೈಲ್ ತೆರೆದರೆ ಎಲ್ಲಿ ಏನು ನಡೆದಿದೆ ಎಂದು ಅರ್ಧ ಅಲ್ಲೇ ಗೊತ್ತಾಗುತ್ತದೆ.

ಪುಸ್ತಕದಿಂದ ಫೈಲಿಗೆ

ಮೊದಲ ಕೆಲಸ, ಎಲ್ಲ ಪುಟದ ಫೋಟೊ ತೆಗೆಯುವುದು. ಹಗಲು ಬೆಳಕಿನಲ್ಲಿ, ಪುಟ ಪೂರ್ತಿ ಕಾಣುವಂತೆ, ಅಂಚಿನ ಗೀಚು ಕೂಡ ಬಿಡದೆ. "ಗಾಜು ಒಡೆಯಿತು", "ಶಿವಮೊಗ್ಗಕ್ಕೆ ಹೋಗಿದ್ದೆ", "ಮಾಪಕ ಕೊಟ್ಟಿಗೆ ಹಿಂದೆ ಇಟ್ಟಿದೆ" ಅಂತ ಅಂಚಿನಲ್ಲಿ ಬರೆದಿರುತ್ತಾರೆ. ಮುಂದೆ ಅಂಕಿಗಳು ತಾಳೆಯಾಗದಿದ್ದಾಗ ಕಾರಣ ಸಿಗುವುದು ಆ ಗೀಚಿನಲ್ಲೇ.

ಆಮೇಲೆ ಅಳತೆಯ ಮಾನ ಯಾವುದು ಎಂದು ಕೇಳಿ. ಹಳೆಯ ಪುಸ್ತಕಗಳು ಇಂಚಿನಲ್ಲಿವೆ, ಅದರಲ್ಲೂ ಇಂಚು-ಸೆಂಟ್ ಲೆಕ್ಕ. ನೂರು ಸೆಂಟ್‌ಗೆ ಒಂದು ಇಂಚು. ಇಲ್ಲೊಂದು ದೊಡ್ಡ ಗುಂಡಿ ಇದೆ. ಪುಟದಲ್ಲಿ 2.5 ಎಂದು ಇದ್ದರೆ ಅದು ಎರಡೂವರೆ ಇಂಚೋ, ಎರಡು ಇಂಚು ಐದು ಸೆಂಟೋ? ಎರಡೂವರೆ ಆದರೆ 63.5 ಮಿಲಿಮೀಟರ್. ಎರಡು ಇಂಚು ಐದು ಸೆಂಟ್ ಆದರೆ ಸುಮಾರು 52. ಕಂಪ್ಯೂಟರ್‌ಗೆ ಇದು ಎಂದೂ ಗೊತ್ತಾಗುವುದಿಲ್ಲ. ನಾನು ದೊಡ್ಡಪ್ಪನನ್ನು ಕೇಳಿದಾಗ ಅವರು ಆ ತಿಂಗಳ ಕೊನೆಯ ಸಾಲು ತೋರಿಸಿದರು. ಅಲ್ಲಿ ತಿಂಗಳ ಒಟ್ಟು ಮೊತ್ತ ಬರೆದಿತ್ತು. ಎರಡೂ ರೀತಿ ಕೂಡಿಸಿ ನೋಡಿದೆವು, ಸೆಂಟ್ ಲೆಕ್ಕ ಹಿಡಿದಾಗಲೇ ಮೊತ್ತ ಸರಿಯಾಗಿ ಕೂತಿತು. ಪುಟದ ಅಡಿಯಲ್ಲಿ ಬರೆದ ಮೊತ್ತ ಚಿನ್ನದಂಥದ್ದು. ಅದನ್ನು ಬೇರೆ ಕಾಲಂನಲ್ಲಿ ತಪ್ಪದೆ ಟೈಪ್ ಮಾಡಿ. ನಿಮ್ಮ ಟೈಪಿಂಗ್ ತಪ್ಪು ಹಿಡಿಯಲೂ ಅದೇ ದಾರಿ.

ಮಾಪಕವನ್ನೂ ಒಮ್ಮೆ ಅಳೆಯಿರಿ. ಹಳೆಯ ಸೈಮನ್ಸ್ ಮಾಪಕದ ಬಾಯಿ 127 ಮಿಲಿಮೀಟರ್ ಅಗಲ, ಅಂದರೆ ಐದು ಇಂಚು. ಅದರಲ್ಲಿ ಒಂದು ಮಿಲಿಮೀಟರ್ ಮಳೆಗೆ ಸುಮಾರು 12.67 ಮಿಲಿಲೀಟರ್ ನೀರು ಬೀಳುತ್ತದೆ. 200 ಚದರ ಸೆಂಟಿಮೀಟರ್ ಬಾಯಿಯ ಫೈಬರ್ ಮಾಪಕದಲ್ಲಿ ಅಷ್ಟೇ ಮಳೆಗೆ 20 ಮಿಲಿಲೀಟರ್. ಒಂದರ ಗಾಜು ಒಡೆದಾಗ ಇನ್ನೊಂದರ ಗಾಜಿನಲ್ಲಿ ಅಳೆದರೆ ಅಂಕಿ ಒಂದೂವರೆ ಪಟ್ಟಿಗಿಂತ ಜಾಸ್ತಿ ಆಚೀಚೆ ಆಗುತ್ತದೆ. ಗಾಜು ಬದಲಾದ ದಿನ ಯಾವುದು ಎಂದು ನೆನಪಿರುವವರನ್ನೇ ಕೇಳಬೇಕು.

ಟೈಪ್ ಮಾಡುವಾಗ ಪುಟದಲ್ಲಿ ಹೇಗಿದೆಯೋ ಹಾಗೇ ಮಾಡಿ: ಕೆಳಕ್ಕೆ 31 ದಿನ, ಅಡ್ಡಕ್ಕೆ 12 ತಿಂಗಳು. ಕಣ್ಣಿಗೆ ತಾಳೆ ನೋಡಲು ಸುಲಭ. ಮಳೆ ಇಲ್ಲದ ದಿನ ಸೊನ್ನೆ ಹಾಕಿ. ಬರೆಯದೇ ಬಿಟ್ಟ ದಿನವನ್ನು ಖಾಲಿ ಬಿಡಿ. ಇವೆರಡನ್ನು ದಯವಿಟ್ಟು ಬೆರೆಸಬೇಡಿ. ಮದುವೆಗೆ ಹೋಗಿ ಮೂರನೇ ದಿನ ಬಂದು ಒಟ್ಟಿಗೆ ಅಳೆದದ್ದಿದ್ದರೆ ಅದನ್ನೂ ಪಕ್ಕದಲ್ಲಿ ಬರೆಯಿರಿ. ಇಲ್ಲದಿದ್ದರೆ ಮೂರು ದಿನದ ಮಳೆ ಒಂದೇ ದಿನ ಸುರಿದ ದಾಖಲೆಯಂತೆ ಕಾಣುತ್ತದೆ. ಫೈಲನ್ನು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಟ್ಟ ಸರಳ ಪಠ್ಯ) ಆಗಿ, ಕನ್ನಡ ಅಕ್ಷರ ಕೆಡದಂತೆ ಯುಟಿಎಫ್-8 ಆಯ್ಕೆ ಮಾಡಿ ಉಳಿಸಿ. ಇದು ಮೂಲ ಫೈಲು. ಇದನ್ನು ಮತ್ತೆ ಮುಟ್ಟಬೇಡಿ, ತಿದ್ದುಪಡಿ ಏನಿದ್ದರೂ ಪೈಥಾನ್‌ನಲ್ಲೇ ಆಗಲಿ. ಆಗ ಏನು ತಿದ್ದಿದ್ದೀರಿ ಎಂಬುದಕ್ಕೆ ದಾಖಲೆ ಉಳಿಯುತ್ತದೆ.

ಪೈಥಾನ್‌ಗೆ ಓದಿಸುವಾಗ

ಪಾಂಡಾಸ್‌ನ ರೀಡ್-ಸಿಎಸ್‌ವಿ ಆಜ್ಞೆ ಫೈಲನ್ನು ಓದುತ್ತದೆ. ಮೆಲ್ಟ್ ಎಂಬ ಆಜ್ಞೆ ಆ ಅಗಲದ ಕೋಷ್ಟಕವನ್ನು ಉದ್ದಕ್ಕೆ ಮಾಡುತ್ತದೆ, ಒಂದು ಸಾಲಿಗೆ ಒಂದು ದಿನ. ಅಂಕಿಗಳನ್ನು ೧೨.೫ ಎಂದು ಕನ್ನಡದಲ್ಲೇ ಟೈಪ್ ಮಾಡಿದ್ದರೆ ಪಾಂಡಾಸ್ ಅದನ್ನು ಅಂಕಿ ಅಂದುಕೊಳ್ಳದೆ ಪದ ಅಂದುಕೊಳ್ಳುತ್ತದೆ. ಗಾಬರಿ ಬೇಡ. ಪೈಥಾನ್‌ನ ಫ್ಲೋಟ್ ಎಂಬ ಆಜ್ಞೆಗೆ ಕನ್ನಡ ಅಂಕಿ ಓದಲು ಬರುತ್ತದೆ. ಆ ಕಾಲಂ ಮೇಲೆ ಮ್ಯಾಪ್ ಮೂಲಕ ಫ್ಲೋಟ್ ಓಡಿಸಿದರೆ ಆಯಿತು. ಯಾರಾದರೂ ಹಳೆಯ ನುಡಿ ಫಾಂಟಿನ ಫೈಲ್ ಕೊಟ್ಟರೆ ಮಾತ್ರ ಮೊದಲು ಯುನಿಕೋಡ್‌ಗೆ ಬದಲಿಸಿಕೊಳ್ಳಿ.

ದಿನಾಂಕದ ವಿಷಯದಲ್ಲಿ ಹುಷಾರಾಗಿರಿ. ನಮಗೆ 05-07-2019 ಅಂದರೆ ಜುಲೈ 5. ಪಾಂಡಾಸ್ ಸುಮ್ನೆ ಬಿಟ್ಟರೆ ಅಮೆರಿಕದ ರೀತಿಯಲ್ಲಿ ಮೇ 7 ಎಂದು ಓದುತ್ತದೆ. ಹಾಗಾಗಿ ಟು-ಡೇಟ್‌ಟೈಮ್ ಆಜ್ಞೆಗೆ ಫಾರ್ಮ್ಯಾಟ್ ನೀವೇ ಕೊಡಿ: ಶೇಕಡಾ ಗುರುತಿನ ಜೊತೆ ದಿನಕ್ಕೆ ಸಣ್ಣ ಡಿ, ತಿಂಗಳಿಗೆ ಸಣ್ಣ ಎಂ, ವರ್ಷಕ್ಕೆ ದೊಡ್ಡ ವೈ. ದೊಡ್ಡ ಎಂ ಹಾಕಿದರೆ ಅದು ತಿಂಗಳಲ್ಲ, ನಿಮಿಷ.

31 ಸಾಲು, 12 ಕಾಲಂ ಅಂದರೆ ವರ್ಷಕ್ಕೆ 372 ಮನೆ. ಅದರಲ್ಲಿ ಫೆಬ್ರವರಿ 30, ಜೂನ್ 31ರಂಥ ಇಲ್ಲದ ದಿನಾಂಕಗಳೂ ಇರುತ್ತವೆ. ಎರರ್ಸ್ ಎಂಬಲ್ಲಿ ಕೊಯೆರ್ಸ್ ಎಂದು ಹಾಕಿದರೆ ಅವು ಖಾಲಿಯಾಗುತ್ತವೆ, ತೆಗೆದುಹಾಕಬಹುದು. ತೆಗೆಯುವ ಮುಂಚೆ ಎಣಿಸಿ. ಸಾಮಾನ್ಯ ವರ್ಷಕ್ಕೆ ಸರಿಯಾಗಿ 7, ಅಧಿಕ ವರ್ಷಕ್ಕೆ 6 ಇರಬೇಕು. ಹೆಚ್ಚು ಬಂದರೆ ಎಲ್ಲೋ ತಪ್ಪಿದ್ದೀರಿ. ಕೊನೆಗೆ ದಿನಾಂಕವನ್ನು ಇಂಡೆಕ್ಸ್ ಮಾಡಿ, ಆಸ್‌ಫ್ರೆಕ್ ಎಂಬ ಆಜ್ಞೆ ಕೊಟ್ಟು ದಿನದ ಲೆಕ್ಕಕ್ಕೆ ಕೂರಿಸಿ. ನಡುವೆ ಕಾಣೆಯಾದ ದಿನಗಳಿದ್ದರೆ ಆಗ ಖಾಲಿ ಸಾಲಾಗಿ ಎದ್ದು ಕಾಣುತ್ತವೆ.

ಈಗ ತಿಂಗಳ ಮೊತ್ತ. ರೀಸ್ಯಾಂಪಲ್, ನಂತರ ಸಮ್. ಇಲ್ಲಿ ನಾನು ಬಿದ್ದ ಗುಂಡಿಗೆ ನೀವು ಬೀಳಬೇಡಿ. ಒಂದು ವರ್ಷದ ಜುಲೈ ಮೊತ್ತ ಸೊನ್ನೆ ಎಂದು ಬಂತು. ತೀರ್ಥಹಳ್ಳಿಯಲ್ಲಿ ಜುಲೈನಲ್ಲಿ ಮಳೆಯೇ ಇಲ್ಲ ಅಂದರೆ ಯಾರು ನಂಬುತ್ತಾರೆ? ಪುಸ್ತಕ ನೋಡಿದರೆ ಪುಟದಲ್ಲಿ ಆ ತಿಂಗಳ ಭಾಗವೇ ಹರಿದುಹೋಗಿತ್ತು. ಪಾಂಡಾಸ್ ಖಾಲಿ ಮನೆಗಳನ್ನು ಕೂಡಿಸಿ ಸೊನ್ನೆ ಎಂದು ಕೊಡುತ್ತದೆ. ಜುಲೈ ಆದ್ದರಿಂದ ಕಣ್ಣಿಗೆ ಬಿತ್ತು, ಫೆಬ್ರವರಿ ಆಗಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಸಮ್ ಆಜ್ಞೆಯ ಒಳಗೆ ಮಿನ್-ಕೌಂಟ್ ಎಂಬುದಕ್ಕೆ 28 ಎಂದು ಕೊಡಿ. ತಿಂಗಳಲ್ಲಿ ಕನಿಷ್ಠ 28 ದಿನದ ಅಂಕಿ ಇಲ್ಲದಿದ್ದರೆ ಮೊತ್ತವೂ ಖಾಲಿಯಾಗಿಯೇ ಉಳಿಯುತ್ತದೆ.

ವರ್ಷದ ಮೊತ್ತವನ್ನು ಜನವರಿಯಿಂದ ಹಾಕಬೇಡಿ. ನೀರಿನ ಲೆಕ್ಕದಲ್ಲಿ ವರ್ಷ ಜೂನ್ 1ಕ್ಕೆ ಶುರುವಾಗಿ ಮೇ 31ಕ್ಕೆ ಮುಗಿಯುತ್ತದೆ. ತಿಂಗಳು 6 ಅಥವಾ ಹೆಚ್ಚಿದ್ದರೆ ಅದೇ ವರ್ಷ, ಕಡಿಮೆಯಿದ್ದರೆ ಹಿಂದಿನ ವರ್ಷ ಎಂದು ಜಲವರ್ಷದ ಹೊಸ ಕಾಲಂ ಮಾಡಿಕೊಳ್ಳಿ. ಗುಂಪು ಮಾಡುವ ಗ್ರೂಪ್‌ಬೈ ಆಜ್ಞೆ ಅದರ ಮೇಲೆ ಆಗಲಿ.

ಹೊಳವಿನ ಲೆಕ್ಕ

ಹವಾಮಾನ ಇಲಾಖೆ ಪ್ರಕಾರ 2.5 ಮಿಲಿಮೀಟರ್ ಅಥವಾ ಜಾಸ್ತಿ ಬಿದ್ದರೆ ಅದು ಮಳೆ ದಿನ. ಅದಕ್ಕಿಂತ ಕಡಿಮೆಯ ದಿನಗಳನ್ನು ಹೊಳವು ಎಂದು ಹಿಡಿದೆ. ಮಳೆ 2.5ಕ್ಕಿಂತ ಕಡಿಮೆಯೇ ಎಂದು ಕೇಳಿದರೆ ಪಾಂಡಾಸ್ ಪ್ರತಿ ದಿನಕ್ಕೂ ಹೌದು ಅಥವಾ ಇಲ್ಲ ಎಂದು ಕೊಡುತ್ತದೆ. ಆ ಕಾಲಂ ಅನ್ನು ಶಿಫ್ಟ್ ಆಜ್ಞೆಯಿಂದ ಒಂದು ದಿನ ಸರಿಸಿ ಅದರ ಜೊತೆಗೇ ಹೋಲಿಸಿ. ಎಲ್ಲಿ ಉತ್ತರ ಬದಲಾಗಿದೆಯೋ ಅಲ್ಲಿ ಹೊಸ ಕಂತು ಶುರು. ಕೂಡುತ್ತಾ ಹೋಗುವ ಕಮ್‌ಸಮ್ ಆಜ್ಞೆ ಹಾಕಿದರೆ ಪ್ರತಿ ಕಂತಿಗೂ ಒಂದು ನಂಬರ್ ಸಿಗುತ್ತದೆ. ಆ ನಂಬರಿನ ಮೇಲೆ ಗುಂಪು ಮಾಡಿ ದಿನ ಎಣಿಸಿದರೆ ಯಾವ ಹೊಳವು ಎಷ್ಟು ದಿನದ್ದು ಎಂದು ಗೊತ್ತಾಗುತ್ತದೆ. ಜುಲೈ ಮತ್ತು ಆಗಸ್ಟ್ ಮಾತ್ರ ಆರಿಸಿ, ಎರಡು ದಿನ ಅಥವಾ ಹೆಚ್ಚಿನ ಹೊಳವು ವರ್ಷಕ್ಕೆ ಎಷ್ಟು ಎಂದು ಎಣಿಸಿ.

ಒಂದು ಎಚ್ಚರ: ಅಂಕಿ ಇಲ್ಲದ ದಿನಕ್ಕೆ ಪಾಂಡಾಸ್ ಇಲ್ಲ ಎನ್ನುತ್ತದೆ, ಅಂದರೆ ಅದು ಮಳೆ ದಿನದ ಲೆಕ್ಕಕ್ಕೆ ಸೇರಿಬಿಡುತ್ತದೆ. ಎರಡು ತಿಂಗಳಲ್ಲಿ ನಾಲ್ಕೈದಕ್ಕಿಂತ ಜಾಸ್ತಿ ದಿನ ಖಾಲಿಯಿರುವ ವರ್ಷಗಳನ್ನು ನಾನು ಲೆಕ್ಕದಿಂದಲೇ ಬಿಟ್ಟೆ.

ವರ್ಷದಿಂದ ವರ್ಷಕ್ಕೆ ಹೊಳವು ಕಡಿಮೆಯಾಗುತ್ತಿದೆಯೇ? ಕಣ್ಣಂದಾಜಿನಲ್ಲಿ ಹೇಳಬೇಡಿ. ಏರಿಕೆ ಇಳಿಕೆ ನಿಜವೇ, ಆಕಸ್ಮಿಕವೇ ಎಂದು ನೋಡುವ ಮನ್-ಕೆಂಡಾಲ್ ಎಂಬ ಪರೀಕ್ಷೆ ಇದೆ, ಪೈಮನ್‌ಕೆಂಡಾಲ್ ಎಂಬ ಲೈಬ್ರರಿ ಅದನ್ನು ಒಂದೇ ಸಾಲಿನಲ್ಲಿ ಮಾಡುತ್ತದೆ. ದೊಡ್ಡಪ್ಪನ ಪುಸ್ತಕದಲ್ಲಿ ಒಂದು ವರ್ಷಕ್ಕೂ ಇನ್ನೊಂದಕ್ಕೂ ಏರುಪೇರು ಎಷ್ಟಿತ್ತೆಂದರೆ ಕಡಿಮೆಯಾಗುತ್ತಿದೆ ಎಂದು ಗಟ್ಟಿಯಾಗಿ ಹೇಳಲು ಆಗಲಿಲ್ಲ. ಅವರಿಗೂ ಹಾಗೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ದಿನದ ಲೆಕ್ಕ ಸಾಲದು. ಮರ ಹತ್ತೋಕೆ ನಾಲ್ಕು ಗಂಟೆ ಸಿಕ್ರೆ ಸಾಕು, ಆ ನಾಲ್ಕು ಗಂಟೆ ನಿನ್ನ ಫೈಲಲ್ಲಿ ಎಲ್ಲಿದೆ?" ಎಂದರು. ಅವರ ಮಾತು ಸರಿ. ದಿನಕ್ಕೊಮ್ಮೆ ಅಳೆದ ಪುಸ್ತಕದಲ್ಲಿ ಅದು ಇಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಹಾಕಿರುವ ಸ್ವಯಂಚಾಲಿತ ಮಾಪಕಗಳು ಹದಿನೈದು ನಿಮಿಷಕ್ಕೊಮ್ಮೆ ಅಳೆಯುತ್ತವೆ. ಗಂಟೆಯ ಹೊಳವು ಬೇಕಿದ್ದರೆ ಆ ಅಂಕಿ ಬೇಕು, ಆದರೆ ಅಲ್ಲಿ ಹಳೆಯ ವರ್ಷಗಳು ಇರುವುದಿಲ್ಲ.

ಆರಿದ್ರಾ ನಿಜಕ್ಕೂ ಆರದೆ ಸುರಿಯುತ್ತದೆಯೇ?

ಇದು ನನಗೆ ತುಂಬ ಖುಷಿ ಕೊಟ್ಟ ಲೆಕ್ಕ. ನಮ್ಮ ಹಿರಿಯರು ಮಳೆಯನ್ನು ತಿಂಗಳಲ್ಲಿ ಹೇಳುವುದಿಲ್ಲ, ನಕ್ಷತ್ರದಲ್ಲಿ ಹೇಳುತ್ತಾರೆ. ಹಾಗಿದ್ದಮೇಲೆ ಲೆಕ್ಕವೂ ನಕ್ಷತ್ರದಲ್ಲೇ ಆಗಲಿ ಅಲ್ವಾ? ಸುಮಾರು ಜೂನ್ 8ಕ್ಕೆ ಮೃಗಶಿರ, 22ಕ್ಕೆ ಆರಿದ್ರಾ, ಜುಲೈ 6ಕ್ಕೆ ಪುನರ್ವಸು, 20ಕ್ಕೆ ಪುಷ್ಯ, ಆಗಸ್ಟ್ 3ಕ್ಕೆ ಆಶ್ಲೇಷ, 17ಕ್ಕೆ ಮಘೆ. ಪಂಚಾಂಗ ನೋಡಿದರೆ ಒಂದು ದಿನ ಹಿಂದೆಮುಂದೆ ಇರುತ್ತದೆ. ಪ್ರತಿ ವರ್ಷದ ಶುರುವಿನ ದಿನಾಂಕ ಮತ್ತು ನಕ್ಷತ್ರದ ಹೆಸರಿನ ಒಂದು ಸಣ್ಣ ಕೋಷ್ಟಕ ಮಾಡಿ. ಮರ್ಜ್-ಆಸ್ಆಫ್ ಆಜ್ಞೆ ಪ್ರತಿ ದಿನಕ್ಕೂ ಅದರ ಹಿಂದೆ ಶುರುವಾದ ನಕ್ಷತ್ರವನ್ನು ತಂದು ಅಂಟಿಸುತ್ತದೆ. ಎರಡೂ ಕೋಷ್ಟಕ ದಿನಾಂಕದ ಕ್ರಮದಲ್ಲಿ ಇರಬೇಕು, ಇಲ್ಲದಿದ್ದರೆ ಅದು ಒಪ್ಪುವುದಿಲ್ಲ. ಆಮೇಲೆ ನಕ್ಷತ್ರವಾರು ಮೊತ್ತ, ಹೊಳವು, ದೊಡ್ಡ ಮಳೆ, ಏನು ಬೇಕೋ ತೆಗೆಯಿರಿ. ಮನೆಯ ಹಿರಿಯರ ಎದುರಿಗೇ ಕೂತು ಮಾಡಿ. ಅವರಿಗೆ ಪಾಂಡಾಸ್ ಗೊತ್ತಿಲ್ಲದಿರಬಹುದು, ಉತ್ತರ ತಪ್ಪಿದರೆ ಮೊದಲು ಹಿಡಿಯುವವರು ಅವರೇ.

ಚಿತ್ರ ಬಿಡಿಸುವಾಗ ಒಂದು ತೊಂದರೆ. ಮ್ಯಾಟ್‌ಪ್ಲಾಟ್‌ಲಿಬ್ ಎಂಬ ಚಿತ್ರದ ಲೈಬ್ರರಿಯಲ್ಲಿ, ನಾನು ಬಳಸಿದ ಆವೃತ್ತಿಗಳಲ್ಲಿ, ಕನ್ನಡದ ಒತ್ತಕ್ಷರ ಒಡೆದು ಬರುತ್ತಿತ್ತು. ಅದರ ಬದಲು ಪ್ಲಾಟ್ಲಿ ಎಂಬ ಲೈಬ್ರರಿ ಬಳಸಿ. ಅದು ಬ್ರೌಸರ್‌ನಲ್ಲಿ ಬಿಡಿಸುವುದರಿಂದ ಪುಷ್ಯ ಪುಷ್ಯ ಎಂದೇ ಕಾಣುತ್ತದೆ.

ನೆರೆಯ ಮಾಪಕದ ಜೊತೆ ಇಟ್ಟು ನೋಡಿ

ಭಾರತ ಹವಾಮಾನ ಇಲಾಖೆಯ ದಿನದ ಮಳೆ ಬೆಳಿಗ್ಗೆ 8.30ಕ್ಕೆ ಮುಗಿಯುವ 24 ಗಂಟೆಯದು. ಜುಲೈ 6ರ ಬೆಳಿಗ್ಗೆ ಅಳೆದ ನೀರಿನ ಹೆಚ್ಚಿನ ಪಾಲು 5ರಂದು ಸುರಿದದ್ದು, ಆದರೆ ಬರೆಯುವುದು 6ರ ಎದುರಿಗೆ. ಕೆಲವು ಮನೆಗಳಲ್ಲಿ "ನಿನ್ನೆಯ ಮಳೆ" ಎಂದು 5ರ ಎದುರಿಗೆ ಬರೆಯುತ್ತಾರೆ. ಪತ್ತೆ ಹಚ್ಚುವುದು ಸುಲಭ. ನಿಮ್ಮ ಸಾಲನ್ನು ಹತ್ತಿರದ ಸರ್ಕಾರಿ ಮಾಪಕದ ಸಾಲಿನ ಜೊತೆ ಇಟ್ಟು ಕಾರ್ ಎಂಬ ಆಜ್ಞೆಯಿಂದ ಹೊಂದಾಣಿಕೆ ನೋಡಿ. ಒಂದು ದಿನ ಹಿಂದೆ, ಒಂದು ದಿನ ಮುಂದೆ ಶಿಫ್ಟ್ ಮಾಡಿ ಮತ್ತೆ ನೋಡಿ. ಎಲ್ಲಿ ಹೆಚ್ಚು ಹೊಂದುತ್ತದೋ ಅದೇ ಸರಿಯಾದ ಜಾಗ.

ಇನ್ನೊಂದು, ಮಾಪಕದ ಪಕ್ಕದ ಮರ. ಅಂಗಳದ ಹಲಸಿನ ಸಸಿ ಇಪ್ಪತ್ತು ವರ್ಷದಲ್ಲಿ ಮರವಾಗಿ ಮಾಪಕಕ್ಕೆ ಅಡ್ಡ ಬಂದಿರುತ್ತದೆ. ಮರದ ಎತ್ತರದ ಕನಿಷ್ಠ ಎರಡು ಪಟ್ಟು ದೂರದಲ್ಲಿ ಮಾಪಕ ಇರಬೇಕು. ನಿಮ್ಮ ವರ್ಷದ ಮಳೆಯ ಕೂಡುತ್ತಾ ಹೋದ ಮೊತ್ತವನ್ನು ನೆರೆಯ ಮೂರು ನಾಲ್ಕು ಮಾಪಕಗಳ ಸರಾಸರಿಯ ಅಂಥದೇ ಮೊತ್ತದ ಎದುರು ಬಿಡಿಸಿ. ಗೆರೆ ನೇರವಾಗಿ ಹೋದರೆ ಒಳ್ಳೆಯದು. ಒಂದು ವರ್ಷದಿಂದ ಬಾಗಿದ್ದರೆ ಆ ವರ್ಷ ಏನೋ ಬದಲಾಗಿದೆ. ಮತ್ತೆ ಅಂಚಿನ ಗೀಚು ಓದಿ.

ದೇಶವನ್ನು ಸಣ್ಣ ಚೌಕಗಳಾಗಿ ಹಂಚಿ ಒಂದೊಂದಕ್ಕೂ ಮಳೆ ಕೊಡುವ ಹವಾಮಾನ ಇಲಾಖೆಯ ಚೌಕುಳಿ ದತ್ತಾಂಶ 1901ರಿಂದ ಸಿಗುತ್ತದೆ. ಅದನ್ನು ಇಳಿಸಿ ಓದಲು ಐಎಂಡಿ-ಲಿಬ್ ಎಂಬ ಪೈಥಾನ್ ಲೈಬ್ರರಿ ಇದೆ. ಅದರಲ್ಲಿ ಅಂಕಿ ಇಲ್ಲದ ಕಡೆ -999 ಇರುತ್ತದೆ, ಅದನ್ನು ಖಾಲಿ ಮಾಡದೆ ಸರಾಸರಿ ತೆಗೆಯಬೇಡಿ. ಇದು ಒಳ್ಳೆಯ ಸಾಧನ, ಆದರೆ ಮಲೆನಾಡಿನಲ್ಲಿ ಇದನ್ನೊಂದೇ ನಂಬಬಾರದು. ಒಂದು ಚೌಕ ಕಾಲು ಡಿಗ್ರಿ, ಅಂದರೆ ಸುಮಾರು 27 ಕಿಲೋಮೀಟರ್ ಉದ್ದಗಲ. ಆಗುಂಬೆಯಿಂದ ತೀರ್ಥಹಳ್ಳಿಗೆ ನೇರ ಗೆರೆ ಎಳೆದರೆ ಹೆಚ್ಚುಕಡಿಮೆ ಅಷ್ಟೇ ದೂರ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,600 ಮಿಲಿಮೀಟರ್ ಆಸುಪಾಸು. ಪೂರ್ವಕ್ಕೆ ಇಳಿದು ಶಿವಮೊಗ್ಗ ಪೇಟೆ ಮುಟ್ಟುವಷ್ಟರಲ್ಲಿ ಅದರ ಐದನೇ ಒಂದು ಭಾಗವೂ ಇಲ್ಲ. ಇಷ್ಟು ಕಡಿದಾಗಿ ಮಳೆ ಬದಲಾಗುವ ಕಡೆ ಚೌಕದ ಸರಾಸರಿ ಯಾರ ಮನೆ ಅಂಗಳದ್ದೂ ಅಲ್ಲ. ನಿಮ್ಮ ಜಗಲಿಯ ಪುಸ್ತಕಕ್ಕೆ ಬೆಲೆ ಇರುವುದು ಇದಕ್ಕೇ.

ಹೊಳೆಯ ಲೆಕ್ಕಕ್ಕೆ ಬಂದಾಗ

ತುಂಗಾ, ಭದ್ರಾ ಕೃಷ್ಣಾ ಕೊಳ್ಳಕ್ಕೆ ಸೇರಿದ ನದಿಗಳು. ಕೇಂದ್ರ ಜಲ ಆಯೋಗ ಅಳೆದ ಹರಿವಿನ ಅಂಕಿಗಳು ಇಂಡಿಯಾ-ವ್ರಿಸ್ ತಾಣದಲ್ಲಿ ಸಿಗುತ್ತವೆ. ಅಲ್ಲಿ ಹರಿವು ಕ್ಯೂಮೆಕ್‌ನಲ್ಲಿ (ಸೆಕೆಂಡಿಗೆ ಒಂದು ಘನ ಮೀಟರ್), ನಮ್ಮ ಪತ್ರಿಕೆಗಳಲ್ಲಿ ಕ್ಯೂಸೆಕ್‌ನಲ್ಲಿ (ಸೆಕೆಂಡಿಗೆ ಒಂದು ಘನ ಅಡಿ). ಒಂದು ಕ್ಯೂಮೆಕ್‌ಗೆ 35.3 ಕ್ಯೂಸೆಕ್. 11,574 ಕ್ಯೂಸೆಕ್ ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ. ಈ ಅಂಕಿ ನೆನಪಿಟ್ಟುಕೊಂಡರೆ ಪೇಪರ್ ಓದುತ್ತಲೇ ಲೆಕ್ಕ ಹಾಕಬಹುದು.

ಹೊಳೆಯನ್ನು ಮಳೆ ಜೊತೆ ಹೋಲಿಸಲು ಹರಿವನ್ನೂ ಮಿಲಿಮೀಟರ್ ಮಾಡಿ. ಕ್ಯೂಮೆಕ್ ಅನ್ನು 86.4ರಿಂದ ಗುಣಿಸಿ, ಜಲಾನಯನದ (ಹೊಳೆಗೆ ನೀರು ಹರಿದುಬರುವ ಪ್ರದೇಶದ) ಚದರ ಕಿಲೋಮೀಟರ್‌ನಿಂದ ಭಾಗಿಸಿ. 2,000 ಚದರ ಕಿಲೋಮೀಟರ್‌ನಿಂದ 1,000 ಕ್ಯೂಮೆಕ್ ಬರುತ್ತಿದ್ದರೆ ದಿನಕ್ಕೆ 43.2 ಮಿಲಿಮೀಟರ್. ವರ್ಷದ ಲೆಕ್ಕದಲ್ಲಿ ಹೊಳೆಯ ನೀರು ಮಳೆಗಿಂತ ಜಾಸ್ತಿ ಬಂದರೆ ಎಲ್ಲೋ ಎಡವಿದ್ದೀರಿ. ಮಲೆನಾಡಿನಲ್ಲಿ ಇದಕ್ಕೆ ಸಾಮಾನ್ಯ ಕಾರಣ, ಮಾಪಕಗಳೆಲ್ಲ ಊರಿರುವ ತಗ್ಗಿನಲ್ಲಿ ಇರುವುದು, ದೊಡ್ಡ ಮಳೆ ಘಟ್ಟದ ನೆತ್ತಿಯಲ್ಲಿ ಬೀಳುವುದು.

ಕ್ಯೂಜಿಐಎಸ್‌ನಲ್ಲಿ ಎತ್ತರದ ನಕ್ಷೆ ಇಟ್ಟು ಜಲಾನಯನದ ಗಡಿ ಎಳೆಯಬಹುದು. ಆದರೆ ಮನುಷ್ಯ ತಿರುಗಿಸಿದ ನೀರು ಆ ನಕ್ಷೆಗೆ ಕಾಣುವುದಿಲ್ಲ. ಚಕ್ರಾ, ಸಾವೆಹಕ್ಲು ಜಲಾಶಯಗಳ ನೀರು ಲಿಂಗನಮಕ್ಕಿಗೆ ಬರುತ್ತದೆ. ಬರೀ ಶರಾವತಿಯ ಗಡಿ ಹಿಡಿದು ಲಿಂಗನಮಕ್ಕಿಯ ಒಳಹರಿವು ಲೆಕ್ಕ ಹಾಕಿದರೆ ಉತ್ತರ ತಪ್ಪುತ್ತದೆ. ಹಾಗೇ ಗಾಜನೂರು ಅಣೆಕಟ್ಟಿನ ಕೆಳಗೆ ತುಂಗೆಯ ಹರಿವು ಗೇಟಿನ ಕೈಯಲ್ಲಿದೆ. ಮಳೆಗೆ ಹೊಳೆ ಹೇಗೆ ಸ್ಪಂದಿಸುತ್ತದೆ ಎಂದು ನೋಡಬೇಕಿದ್ದರೆ ಅದರ ಮೇಲಿನ ಅಂಕಿ ತೆಗೆದುಕೊಳ್ಳಿ.

ಅಂಕಿ ಇಲ್ಲದ ದಾಖಲೆಯೂ ದಾಖಲೆಯೇ. ಶಿವಮೊಗ್ಗದಲ್ಲಿ ಕೋರ್ಪಲಯ್ಯನ ಮಂಟಪ ಮುಳುಗಿತು ಅಂದರೆ ತುಂಗೆ ತುಂಬಿದಳು ಎಂದೇ ಅರ್ಥ. ಮನೆಯವರು ಆ ದಿನಾಂಕ ಬರೆದಿಟ್ಟಿದ್ದರೆ ಮುಳುಗಿದ ದಿನ 1, ಉಳಿದ ದಿನ 0 ಎಂದು ಒಂದು ಕಾಲಂ ಮಾಡಿ. ಹಿಂದಿನ ಮೂರು ದಿನದ ಮಳೆಯನ್ನು ರೋಲಿಂಗ್ ಆಜ್ಞೆಯಿಂದ ಕೂಡಿಸಿ ಅದರ ಪಕ್ಕ ಇಟ್ಟರೆ, ಮೇಲ್ಗಡೆ ಎಷ್ಟು ಸುರಿದರೆ ಮಂಟಪ ಮುಳುಗುತ್ತದೆ ಎಂಬುದು ನಿಮ್ಮ ಕಣ್ಣೆದುರೇ ಬರುತ್ತದೆ.

"ನೂರು ವರ್ಷಕ್ಕೊಮ್ಮೆ ಬರುವ ಮಳೆ" ಲೆಕ್ಕ ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ಪ್ರತಿ ಜಲವರ್ಷದ ಅತಿ ದೊಡ್ಡ ದಿನವನ್ನು ತೆಗೆದು ಸೈಪೈ ಎಂಬ ಪೈಥಾನ್ ಲೈಬ್ರರಿಯ ಗಂಬೆಲ್ ಹಂಚಿಕೆಗೆ (ಅತಿ ದೊಡ್ಡ ಅಂಕಿಗಳ ಸಂಭವನೀಯತೆಯ ಸೂತ್ರಕ್ಕೆ) ಕೂರಿಸಬಹುದು. ಅದೇ ಲೈಬ್ರರಿಯ ಜೆನ್‌ಎಕ್ಸ್‌ಟ್ರೀಮ್ ಎಂಬ ಇನ್ನೊಂದು ಹಂಚಿಕೆ ಬಳಸಿದರೆ ಆಕಾರದ ಅಂಕಿಯ ಚಿಹ್ನೆ ಪುಸ್ತಕಗಳಲ್ಲಿ ಇರುವುದಕ್ಕೆ ಉಲ್ಟಾ ಎಂಬುದು ನೆನಪಿರಲಿ. 30 ವರ್ಷಕ್ಕಿಂತ ಕಡಿಮೆ ದಾಖಲೆ ಇದ್ದರೆ ಈ ಲೆಕ್ಕಕ್ಕೆ ಕೈ ಹಾಕಬೇಡಿ. ಸೇತುವೆ, ಮೋರಿಯ ಅಳತೆಗೆ ನಿಮ್ಮ ಉತ್ತರವನ್ನು ಯಾರಾದರೂ ಬಳಸಿಬಿಟ್ಟಾರು. ಆರ್ ಭಾಷೆ ಗೊತ್ತಿರುವವರು ಹೈಡ್ರೋಟಿಎಸ್ಎಂ ಪ್ಯಾಕೇಜ್ ನೋಡಿ, ದಿನ, ತಿಂಗಳ ಚಿತ್ರಗಳು ಒಂದೇ ಆಜ್ಞೆಗೆ ಬರುತ್ತವೆ.

ಫೈಲನ್ನು ಹಂಚುವ ಮುಂಚೆ

ಮೂಲ ಫೈಲು, ಜುಪಿಟರ್ ಫೈಲು, ಪುಟಗಳ ಫೋಟೊ ಮೂರನ್ನೂ ಒಂದೇ ಫೋಲ್ಡರ್‌ನಲ್ಲಿಡಿ. ಜೊತೆಗೆ ಅರ್ಧ ಪುಟದ ಕನ್ನಡ ಟಿಪ್ಪಣಿ: ಮಾಪಕ ಯಾವ ಊರಿನಲ್ಲಿದೆ, ಬಾಯಿ ಎಷ್ಟು ಅಗಲ, ಎಷ್ಟು ಗಂಟೆಗೆ ಅಳೆಯುತ್ತಾರೆ, ಯಾವ ದಿನದ ಎದುರು ಬರೆಯುತ್ತಾರೆ, ಇಂಚು ಯಾವಾಗ ನಿಂತಿತು, ಯಾವ ಪುಟ ಇಲ್ಲ, ನೀವು ಏನೇನು ತಿದ್ದಿದಿರಿ. ಬರೆದವರ ಹೆಸರು ಹಾಕುವ ಮುಂಚೆ ಅವರನ್ನು ಕೇಳಿ.

ಪುಸ್ತಕವನ್ನು ಮಾತ್ರ ನಿಲ್ಲಿಸಬೇಡಿ. ದೊಡ್ಡಪ್ಪ ಈಗಲೂ ದಾರ ಕಟ್ಟಿದ ಪೆನ್ಸಿಲ್‌ನಲ್ಲೇ ಬರೆಯುತ್ತಾರೆ. ಭಾನುವಾರ ಪುಟದ ಫೋಟೊ ವಾಟ್ಸಾಪ್‌ನಲ್ಲಿ ಬರುತ್ತದೆ, ನಾನು ಏಳು ಸಾಲು ಟೈಪ್ ಮಾಡುತ್ತೇನೆ. ಈಗ ಅವರು ಅಂಕಿಯ ಪಕ್ಕದಲ್ಲಿ ಇನ್ನೊಂದು ಕಾಲಂ ಎಳೆದುಕೊಂಡಿದ್ದಾರೆ. ತಲೆಬರಹ: "ಹೊಳವು, ಎಷ್ಟು ಗಂಟೆ".